ಆ ಮಗು ಮಾಡಿದ ಅಪರಾಧವೇನು?

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಕಳೆದ ಸಂಚಿಕೆಯ ಒಂದೇ ಪುಟದಲ್ಲಿ ‘ಆರೋಪಿ ಪೊಲೀಸರ ವಶಕ್ಕೆ’ ಎಂದೂ ಅದರ ಪಕ್ಕದಲ್ಲೇ ‘ಮಗು ತಾಯಿಯ ವಶಕ್ಕೆ’ ಎಂದೂ ಅಚ್ಚಾಗಿತ್ತು. ‘ಆ ಮಗು ಮಾಡಿದ ಅಪರಾಧವೇನು?’ ಎಂದು ಕೇಳಿದ್ದೀರಿ. ಕಸ್ಟಡಿ ಎಂದರೂ ಬಂಧನ ಎಂದರೂ ಒಂದೇ ಅಲ್ಲವೇ ಎಂಬುದು ನಿಮ್ಮ ಎರಡನೆಯ ಪ್ರಶ್ನೆ.

ತಪ್ಪು ನಮ್ಮದೇ. ಎರಡು ಸುದ್ದಿಗಳ ಮೂಲದಲ್ಲೂ ಇದ್ದದ್ದು ಕಸ್ಟಡಿ ಎಂಬ ಪದ. ನಮ್ಮ ಉಪಸಂಪಾದಕರ ಕೈಗೆ ಸಿಕ್ಕಿದ್ದು ಒಂದೇ ಅನುವಾದ.

ಈ ಪದದ ಬೇರು ಲ್ಯಾಟಿನ್ನಿನ ‘ಕುಸ್ಟೋಸ್’, ಎಂದರೆ ಕಾವಲುಗಾರ. ಕಾವಲುಗಾರ ಯಾವ ಕಡೆಗೆ ಮುಖ ಮಾಡಿ ನಿಂತಿದ್ದಾನೆ ಎಂಬುದರ ಮೇಲೆ ಅರ್ಥ ತಿರುಗುತ್ತದೆ. ಹೊರಗೆ ನೋಡುತ್ತಿದ್ದರೆ ಒಳಗಿರುವುದನ್ನು ಕಾಪಾಡುತ್ತಿದ್ದಾನೆ. ಒಳಗೆ ನೋಡುತ್ತಿದ್ದರೆ ಒಳಗಿರುವವನು ತಪ್ಪಿಸಿಕೊಳ್ಳದಂತೆ ತಡೆಯುತ್ತಿದ್ದಾನೆ. ನಮ್ಮ ‘ಕಾವಲು’ ಕೂಡ ಹಾಗೆಯೇ: ಹೊಲಕ್ಕೂ ಉಂಟು, ಸೆರೆಮನೆಗೂ ಉಂಟು. ‘ವಶ’ದ ಸ್ವಭಾವ ಬೇರೆ. ವಶೀಕರಣ, ಪರವಶ, ಕೈವಶ ಇವುಗಳಲ್ಲೆಲ್ಲ ಇರುವುದು ಹಿಡಿತ; ಆರೈಕೆಯ ಸುಳಿವೇ ಇಲ್ಲ. ಪೊಲೀಸ್ ಸುದ್ದಿಗೆ ಅದು ಒಪ್ಪುತ್ತದೆ, ಮಗುವಿನ ವಿಷಯಕ್ಕೆ ಒರಟಾಯಿತು.

ಈ ಮುಜುಗರ ನಮಗೊಬ್ಬರಿಗೇ ಅಲ್ಲ. ಪಶ್ಚಿಮ ಜರ್ಮನಿಯ ಕಾನೂನಿನಲ್ಲಿ ತಂದೆತಾಯಿಯರ ‘ಅಧಿಕಾರ’ ಎಂಬರ್ಥದ ಪದವಿತ್ತು. 1980ರಿಂದ ಅದರ ಜಾಗಕ್ಕೆ ತಂದೆತಾಯಿಯರ ‘ಆರೈಕೆ’ ಎಂಬರ್ಥದ ಪದ ಬಂತು. ಇಂಗ್ಲೆಂಡಿನ 1989ರ ಮಕ್ಕಳ ಕಾಯ್ದೆ, ಮಗು ಯಾರ ಬಳಿ ಇರಬೇಕೆಂದು ನ್ಯಾಯಾಲಯ ಕೊಡುವ ಆದೇಶಗಳಿಂದ ಕಸ್ಟಡಿ ಎಂಬ ಪದವನ್ನೇ ಕೈಬಿಟ್ಟು ‘ವಾಸ’ ಎಂದಿತು. 2014ರಲ್ಲಿ ಅದೂ ಹೋಗಿ, ಮಗು ಯಾರೊಡನೆ ಇರಬೇಕು, ಯಾರನ್ನು ಯಾವಾಗ ಕಾಣಬೇಕು ಎಂಬ ‘ಏರ್ಪಾಡು’ ಎಂಬ ಪದ ಉಳಿಯಿತು. ಇಷ್ಟಾದರೂ ಜನರ ಬಾಯಲ್ಲಿ ಕಸ್ಟಡಿ ಹಾಗೆಯೇ ಇದೆ, ಆ ಮಾತು ಬೇರೆ. ಇನ್ನೊಂದು ಸೂಕ್ಷ್ಮವನ್ನೂ ನಾವು ಮರೆಯುತ್ತೇವೆ. ಮಗು ಒಬ್ಬರ ಮನೆಯಲ್ಲಿ ಬೆಳೆಯುತ್ತಿರಬಹುದು, ಅದರ ಓದು, ಚಿಕಿತ್ಸೆಯಂಥ ತೀರ್ಮಾನಗಳ ಹಕ್ಕು ಇಬ್ಬರಿಗೂ ಇರಬಹುದು. ‘ವಶಕ್ಕೆ’ ಎಂದು ಬರೆದರೆ ಇನ್ನೊಬ್ಬರು ಚಿತ್ರದಿಂದಲೇ ಅಳಿಸಿಹೋಗುತ್ತಾರೆ.

ಇನ್ನು ಬಂಧನ. ಅದು ಒಂದು ಕ್ರಿಯೆ, ನಡೆದು ಮುಗಿಯುತ್ತದೆ. ಕಸ್ಟಡಿ ಅದರ ನಂತರದ ಸ್ಥಿತಿ. ಆದರೆ ಬಂಧನವಿಲ್ಲದೆಯೂ ಈ ಸ್ಥಿತಿ ಬರಬಹುದು. ತಾನಾಗಿಯೇ ನ್ಯಾಯಾಲಯಕ್ಕೆ ಬಂದು ಶರಣಾಗಿ ಅದರ ಆದೇಶಕ್ಕೆ ಒಳಪಟ್ಟವನೂ ಕಸ್ಟಡಿಯಲ್ಲಿರುವವನೇ ಎಂದು ಭಾರತದ ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿತು. ಈ ಪದ ಹೇಗೆ ಬೇಕಾದರೂ ಹಿಗ್ಗೀತು, ಆದರೆ ಅದರ ತಿರುಳು ವ್ಯಕ್ತಿ ಕಾನೂನಿನ ನಿಯಂತ್ರಣಕ್ಕೆ ಬಂದಿರುವುದು ಎಂಬುದು ಆ ತೀರ್ಪು ಬರೆದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ವಿವರಣೆ. ಹಾಗೆ ನೋಡಿದರೆ ‘ಜುಡಿಷಿಯಲ್ ಕಸ್ಟಡಿ’ಗೆ ನಾವು ಪತ್ರಿಕೆಯವರು ರೂಢಿಸಿಕೊಂಡಿರುವ ‘ನ್ಯಾಯಾಂಗ ಬಂಧನ’ವೂ ಪೂರ್ತಿ ಸರಿಯಲ್ಲ. ಬಳಕೆ ಬೇರೂರಿಬಿಟ್ಟಿದೆ, ಕೀಳಲಾರೆ.

ವಸ್ತುಗಳ ಕಸ್ಟಡಿಗೆ ನನ್ನ ಆಯ್ಕೆ ‘ಸುಪರ್ದಿ’. ಪಾರಸಿ ಮೂಲದ ಈ ಪದದೊಳಗೆ ‘ಒಪ್ಪಿಸುವುದು’ ಎಂಬ ಅರ್ಥವಿದೆ. ಒಪ್ಪಿಸಿದವರು ಒಬ್ಬರಿದ್ದಾರೆ, ಮುಂದೆ ಲೆಕ್ಕ ಕೇಳುತ್ತಾರೆ ಎಂಬುದೂ ಅದರಲ್ಲೇ ಅಡಗಿದೆ. ಗ್ರಾಹಕರ ಷೇರುಗಳನ್ನು ಕಾಯ್ದಿಡುವ ಬ್ಯಾಂಕು ಅವುಗಳ ಒಡೆಯನಲ್ಲ. ರಕ್ತದ ಕಲೆಯಿರುವ ಅಂಗಿಯೊಂದು ಯಾರ ಕೈಯಿಂದ ಯಾರ ಕೈಗೆ ಯಾವಾಗ ಹೋಯಿತು ಎಂಬ ದಾಖಲೆಯಲ್ಲಿ ಒಂದು ಕೊಂಡಿ ಕಳಚಿದರೂ ಆ ಸಾಕ್ಷ್ಯವನ್ನು ವಕೀಲರು ಹಿಡಿದು ಅಲುಗಾಡಿಸುತ್ತಾರೆ.

ಟಿವಿ ರಿಮೋಟ್ ಅಜ್ಜನ ಕಸ್ಟಡಿಯಲ್ಲಿದೆ ಎಂದು ಮನೆಯಲ್ಲಿ ತಮಾಷೆ ಮಾಡುತ್ತೀರಲ್ಲ, ಅಲ್ಲಿ ಮಾತ್ರ ಅಪ್ಪಟ ‘ವಶ’ವೇ ಸರಿ.

ಮುಂದಿನ ಸಂಚಿಕೆಯಿಂದ ‘ಮಗುವಿನ ಪಾಲನೆ ತಾಯಿಗೆ’ ಎಂದು ಬರೆಯುತ್ತೇವೆ. ಶೀರ್ಷಿಕೆ ಉದ್ದವಾಯಿತು, ಒಂದೇ ಕಾಲಮ್ಮಿನಲ್ಲಿ ಕೂರುವುದಿಲ್ಲ ಎಂದು ಪುಟ ಕಟ್ಟುವವರು ಈಗಲೇ ಗೊಣಗುತ್ತಿದ್ದಾರೆ.

– ಸಂಪಾದಕ