ಓದುಗರ ಪ್ರಶ್ನೆ: ಸೆಸ್ನಾ ಕ್ಯಾರವಾನ್‌ಗೆ ಎಷ್ಟು ಹೇರಬಹುದು?

ಪ್ರಶ್ನೆ: ದಾವಣಗೆರೆಗೆ ವಿಮಾನ ನಿಲ್ದಾಣ ಬೇಕೆಂಬ ಮಾತು ಬಂದಾಗಲೆಲ್ಲ ಕ್ಯಾರವಾನ್‌ನಂಥ ಸಣ್ಣ ವಿಮಾನವೇ ಸಾಕು ಎನ್ನುವವರಿದ್ದಾರೆ. ಒಂಬತ್ತು ಜನ, ಅವರ ಬ್ಯಾಗು, ಜೊತೆಗೆ ನಾಲ್ಕು ಮೂಟೆ ಅಡಿಕೆ ಒಟ್ಟಿಗೆ ಹೋಗುತ್ತವೆಯೇ?
– ಓದುಗರು, ದಾವಣಗೆರೆ

ಉತ್ತರ: ಟ್ಯಾಂಕ್ ಪೂರ್ತಿ ತುಂಬಿಸದಿದ್ದರೆ ಹೋಗುತ್ತವೆ. ಸೀಟು, ಟ್ಯಾಂಕು, ಡಿಕ್ಕಿ ಮೂರನ್ನೂ ಭರ್ತಿ ಮಾಡಿ ಹಾರುವ ವಿಮಾನ ಇದಲ್ಲ.

ಕ್ಯಾರವಾನ್‌ನ ದೊಡ್ಡ ಮಾದರಿಯಾದ ಗ್ರ್ಯಾಂಡ್ ಕ್ಯಾರವಾನ್ ಇಎಕ್ಸ್‌ನ ಗರಿಷ್ಠ ಟೇಕಾಫ್ ತೂಕ 3,995 ಕೆ.ಜಿ. ಖಾಲಿ ತೂಕ ಒಳಸಜ್ಜಿನ ಮೇಲೆ ಹೋಗುತ್ತದೆ. ಲೆಕ್ಕಕ್ಕೆ 2,450 ಎಂದಿಟ್ಟುಕೊಳ್ಳಿ. ಪೈಲಟ್‌ಗಳಿಬ್ಬರಿಗೆ 170. ಬ್ಯಾಗು ಸೇರಿ ತಲೆಗೆ 85 ಹಿಡಿದರೆ ಒಂಬತ್ತು ಜನಕ್ಕೆ 765. ಉಳಿಯುವುದು 610 ಕೆ.ಜಿ., ಅಂದರೆ ಸುಮಾರು 760 ಲೀಟರ್ ಇಂಧನ. ಗಂಟೆಗೆ 220 ಲೀಟರ್‌ನಂತೆ, 45 ನಿಮಿಷದ್ದನ್ನು ಮೀಸಲಿಟ್ಟರೂ ಎರಡೂವರೆ ಗಂಟೆ ಹಾರಬಹುದು. ಬೆಂಗಳೂರು ಒಂದು ಗಂಟೆಯೊಳಗಿನ ಹಾದಿ. ಆದ್ದರಿಂದ ಇಂಧನ ಇಳಿಸಿ ಆ ತೂಕಕ್ಕೆ ಅಡಿಕೆ ಹೇರಲು ಜಾಗವಿದೆ. ಅದೇ ಟ್ಯಾಂಕ್ ತುಂಬಿಸಿ ನೋಡಿ: 1,257 ಲೀಟರ್ ಎಂದರೆ ಸಾವಿರ ಕೆ.ಜಿ. ಆಗ ಉಳಿಯುವುದು 370 ಕೆ.ಜಿ., ನಾಲ್ಕೇ ಜನ.

ತೂಕ ಎಷ್ಟು ಎಂಬಷ್ಟೇ ಅದು ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಸರಕಿನ ಬಾಗಿಲು ಎಡಗಡೆ, ರೆಕ್ಕೆಯ ಹಿಂದಿದೆ. ಹಮಾಲರು ಮೂಟೆಯನ್ನು ಬಾಗಿಲ ಬಳಿಯೇ ಒಟ್ಟಿದರೆ ಬಾಲ ನೆಲಕ್ಕೆ ಕೂರುತ್ತದೆ. ಬಾಲದಡಿ ಮೊದಲು ಊರುಗೋಲು ಕೊಡಿ, ಹೇರುವಾಗ ಮುಂದಿನಿಂದ ಹೇರಿ, ಇಳಿಸುವಾಗ ಹಿಂದಿನಿಂದ ಇಳಿಸಿ. ಭಾರದ ಮೂಟೆಯನ್ನು ಬರೀ ಒತ್ತಿ ನಿಲ್ಲಿಸಿದರೆ ಸಾಲದು, ಬಲೆ ಹಾಕಿ ನೆಲದ ಹಳಿಗೆ ಬಿಗಿಯಲೇಬೇಕು. ಹಾರುವಾಗ ಸರಕು ಹಿಂದಕ್ಕೆ ಜಾರಿದರೆ ಮೂಗು ಮೇಲೆದ್ದು, ಪೈಲಟ್ ಕಂಟ್ರೋಲ್ ಚಕ್ರವನ್ನು ಎಷ್ಟು ಮುಂದಕ್ಕೆ ಒತ್ತಿದರೂ ಇಳಿಯದೇ ಹೋಗಬಹುದು.

ಪ್ರಶ್ನೆ: ಒಂದೇ ಎಂಜಿನ್. ಅದು ನಿಂತರೆ?
– ಓದುಗರು, ಹರಿಹರ

ಉತ್ತರ: ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಪ್ರೊಪೆಲ್ಲರ್ ಅಲಗುಗಳು ಗಾಳಿಗೆ ಅಂಚು ಕೊಟ್ಟು ನಿಲ್ಲುತ್ತವೆ. ಇದಕ್ಕೆ ಫೆದರ್ ಎನ್ನುತ್ತಾರೆ. 3,000 ಮೀಟರ್ ಎತ್ತರದಿಂದ 30 ಕಿ.ಮೀ.ಗೂ ಹೆಚ್ಚು ತೇಲಿ ಹೋಗಬಹುದು. ಇಳಿಯುವ ವೇಗವೂ ಕಡಿಮೆ. ತುಂಗಭದ್ರೆಯ ಬಯಲಿನ ಮೇಲೆ ಇಳಿಯಲು ಹೊಲ ಸಿಕ್ಕೀತು, ಘಟ್ಟದ ಕಾಡಿನ ಮೇಲೆ ಸಿಗದು. ಒಂಟಿ ಎಂಜಿನ್ ವಿಮಾನಕ್ಕೆ ದಾರಿ ಗುರುತಿಸುವಾಗ ಕೆಳಗೇನಿದೆ ಎಂದು ಮೊದಲು ನೋಡಬೇಕು. ಒಡಿಶಾದಲ್ಲಿ ಇಂಡಿಯಾಒನ್ ಏರ್ 2022ರಲ್ಲಿ ಇದೇ ವಿಮಾನದಿಂದ ಪ್ರಯಾಣಿಕ ಸೇವೆ ಶುರುಮಾಡಿತು.

ಪ್ರಶ್ನೆ: ನಮ್ಮ ಬಿಸಿಲು, ದೂಳಿಗೆ ಇದು ತಾಳುತ್ತದೆಯೇ?
– ಓದುಗರು, ಚಳ್ಳಕೆರೆ

ಉತ್ತರ: ತಾಳುತ್ತದೆ, ಆದರೆ ಹೇರುವ ತೂಕ ಇಳಿಸಬೇಕಾಗುತ್ತದೆ. 600 ಮೀಟರ್ ಎತ್ತರದ ಊರಲ್ಲಿ ಬಿಸಿಲು 38 ಡಿಗ್ರಿಗೇರಿದರೆ ಗಾಳಿ ಸುಮಾರು 1,580 ಮೀಟರ್ ಎತ್ತರದಲ್ಲಿದ್ದಷ್ಟು ತೆಳುವಾಗುತ್ತದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿಯಲ್ಲಿ 660 ಮೀಟರ್‌ನಲ್ಲಿ ಮುಗಿಯುವ ಟೇಕಾಫ್ ಇಲ್ಲಿ ಏಪ್ರಿಲ್ ಮಧ್ಯಾಹ್ನ ಅಷ್ಟರಲ್ಲಿ ಮುಗಿಯದು. ಬೆಳಗ್ಗೆ ಒಂಬತ್ತರೊಳಗೆ ಹಾರುವುದು ಲೇಸು.

ದೂಳಿಗೆ ಇನರ್ಷಿಯಲ್ ಸೆಪರೇಟರ್ ಇದೆ. ಅದನ್ನು ಬೈಪಾಸ್‌ಗೆ ಎಳೆದರೆ ಗಾಳಿ ತಿರುಗಿ ಎಂಜಿನ್ ಸೇರುತ್ತದೆ. ಭಾರದ ಮಣ್ಣುಕಣ ತಿರುಗಲಾರದೆ ನೇರ ಹೊರಬೀಳುತ್ತದೆ. ಟಾರ್ಕ್ (ಪ್ರೊಪೆಲ್ಲರ್ ತಿರುಗಿಸುವ ಬಲ) ಸ್ವಲ್ಪ ಇಳಿಯುತ್ತದೆ, ಇಳಿಯಲಿ. ಜಲ್ಲಿ ನೆಲದಲ್ಲಿ ಪ್ರೊಪೆಲ್ಲರ್‌ನ ರಿವರ್ಸ್ (ಹಿಮ್ಮುಖ ತಳ್ಳು) ಬಳಸಬೇಡಿ, ಅಲಗಿನ ಅಂಚು ಮುಕ್ಕಾಗುತ್ತದೆ. ಅದೇ ಟಾರ್ಕ್‌ಗೆ ದಿನದಿಂದ ದಿನಕ್ಕೆ ಎಂಜಿನ್ ಬಿಸಿ ಹೆಚ್ಚು ತೋರಿಸಿದರೆ, ಒಳಗೆ ಗಾಳಿಯನ್ನು ಒತ್ತುವ ಕಂಪ್ರೆಸರ್ ಕೊಳೆಯಾಗಿದೆ ಅಥವಾ ಸವೆದಿದೆ. ಮೊದಲು ಖನಿಜರಹಿತ ನೀರಿನಲ್ಲಿ ತೊಳೆದು ನೋಡಿ.

ಪ್ರಶ್ನೆ: ಹಾಟ್ ಸ್ಟಾರ್ಟ್ (ಸ್ಟಾರ್ಟ್ ಮಾಡುವಾಗ ಎಂಜಿನ್ ಅತಿಯಾಗಿ ಬಿಸಿಯೇರುವುದು) ಏಕಾಗುತ್ತದೆ?
– ಪೈಲಟ್ ತರಬೇತಿ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಬಹುಪಾಲು ಬ್ಯಾಟರಿ ಸೊರಗಿರುವುದರಿಂದ. ಎಂಜಿನ್ ಸಾಕಷ್ಟು ತಿರುಗದೆ ಗಾಳಿ ಕಡಿಮೆ, ಅದರೊಳಗೆ ಇಂಧನ ಬಿದ್ದರೆ ಉರಿ ಏರುತ್ತದೆ. ಇಎಕ್ಸ್‌ಗಿಂತ ಹಿಂದಿನ ಗ್ರ್ಯಾಂಡ್ ಕ್ಯಾರವಾನ್‌ನ 675 ಅಶ್ವಶಕ್ತಿಯ ಪಿಟಿ6ಎ-114ಎ ಎಂಜಿನ್‌ಗೆ ಸ್ಟಾರ್ಟ್ ಮಿತಿ 1,090 ಡಿಗ್ರಿ, ಅದೂ 2 ಸೆಕೆಂಡ್ ಮಾತ್ರ. ಆದ್ದರಿಂದ ಬ್ಯಾಟರಿ 24 ವೋಲ್ಟ್‌ಗಿಂತ ಕೆಳಗಿದ್ದರೆ ಹೊರಗಿನ ವಿದ್ಯುತ್ ತನ್ನಿ. ಮೂಗನ್ನು ಗಾಳಿಗೆ ಎದುರಾಗಿ ನಿಲ್ಲಿಸಿ. ಎಂಜಿನ್‌ನ ಸುತ್ತು 12 ಶೇಕಡ ದಾಟಿ ಸ್ಥಿರವಾದ ಮೇಲಷ್ಟೇ ಇಂಧನ ಬಿಡುವ ಕಂಡೀಶನ್ ಲಿವರ್ ಮುಂದಕ್ಕೆ ತಳ್ಳಿ, ಆಮೇಲೆ ಕಣ್ಣು ತಾಪಮಾನದ ಮುಳ್ಳಿನ ಮೇಲೇ ಇರಲಿ. ಮುಳ್ಳು ಬಿರುಸಾಗಿ ಏರಿದರೆ ಮಿತಿ ತಲುಪುವವರೆಗೆ ಕಾಯಬೇಡಿ: ಇಂಧನ ಕಡಿದು, ಸ್ಟಾರ್ಟರ್ ಮಾತ್ರ ಬಿಡದೆ ತಿರುಗಿಸಿ, ಒಳಗಿನ ಬಿಸಿ ಹೊರಹೋಗಲಿ. ಸ್ಟಾರ್ಟರ್‌ಗೂ ಮಿತಿಯಿದೆ: 30 ಸೆಕೆಂಡ್ ತಿರುಗಿಸಿ 60 ಸೆಕೆಂಡ್ ಬಿಡಬೇಕು, ಮೂರನೆಯ ಸಲವೂ ಆಗದಿದ್ದರೆ 30 ನಿಮಿಷ ಆರಲು ಬಿಡಿ. ಮಿತಿ ಮೀರಿದ್ದರೆ ಎಷ್ಟು ಡಿಗ್ರಿ, ಎಷ್ಟು ಸೆಕೆಂಡ್ ಎಂದು ಬರೆದು ಎಂಜಿನಿಯರ್‌ಗೆ ತೋರಿಸದೆ ಮತ್ತೆ ಸ್ಟಾರ್ಟ್ ಮಾಡಬೇಡಿ.