ಒಬ್ಬರ ಬಗ್ಗೆ ಹೇಳಲಾಗದ್ದನ್ನು ಸಾವಿರ ಜನರ ಬಗ್ಗೆ ಹೇಳಬಹುದು

ಗೆಳೆಯರೊಬ್ಬರು ನಿಮಗೆ "ನೀನು ಏನು ಮಾಡ್ತೀಯ ಅಂತ ನನಗೆ ಮೊದಲೇ ಗೊತ್ತಾಗುತ್ತೆ" ಅಂದರು. ಮನುಷ್ಯರ ಬಗ್ಗೆಯಾಗಲಿ, ವಸ್ತುಗಳ ಬಗ್ಗೆಯಾಗಲಿ ಹೀಗೆ ಮುಂಚೆಯೇ ಹೇಳಬಹುದು ಅಂದರೆ ನಿಜವಾಗಿ ಏನರ್ಥ ಅಂತ ಕೇಳಿದ್ದೀರಿ.

ನಾನು ಜೀವವಿಮೆ ಕೆಲಸದಲ್ಲಿದ್ದೇನೆ. ಮುಂದೆ ಏನಾಗುತ್ತದೆ ಅನ್ನುವ ಲೆಕ್ಕದಲ್ಲೇ ನಮ್ಮ ಅನ್ನ ಇದೆ. ಹಾಗಾಗಿ ಯಾರಾದರೂ ಈ ಪ್ರಶ್ನೆ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಇಷ್ಟೇ: ಏನನ್ನು ಹೇಳಬೇಕು, ಎಷ್ಟು ಜನರ ಬಗ್ಗೆ ಹೇಳಬೇಕು?

ಇಂಗ್ಲೆಂಡಿನ ಖಗೋಳಜ್ಞ ಎಡ್ಮಂಡ್ ಹ್ಯಾಲಿ ಹೆಸರು ಧೂಮಕೇತುವಿನಿಂದಾಗಿ ನಿಮಗೆ ಗೊತ್ತಿರುತ್ತದೆ. 1531, 1607 ಮತ್ತು 1682ರಲ್ಲಿ ಕಂಡದ್ದು ಒಂದೇ ಧೂಮಕೇತು, 1758ರ ಹೊತ್ತಿಗೆ ಅದು ಮತ್ತೆ ಬರುತ್ತದೆ ಎಂದು ಅವನು ಹೇಳಿದ. 1742ರಲ್ಲಿ ತೀರಿಕೊಂಡ. 1758ರ ಕ್ರಿಸ್‌ಮಸ್ ರಾತ್ರಿ ಜರ್ಮನಿಯಲ್ಲಿ ಒಬ್ಬ ರೈತನ ಟೆಲಿಸ್ಕೋಪಿಗೆ ಅದು ಸಿಕ್ಕಿತು! ದಾರಿಯಲ್ಲಿ ಗುರು, ಶನಿ ಗ್ರಹಗಳು ಎಳೆದು ಅದನ್ನು ಎಷ್ಟು ತಡ ಮಾಡುತ್ತವೆ ಎಂದು ಫ್ರಾನ್ಸಿನಲ್ಲಿ ಕ್ಲೇರೋ, ಲಲಾಂದ್ ಮತ್ತು ನಿಕೋಲ್ ಲೆಪೋಟ್ ಎಂಬ ಮೂವರು ಗಣಿತ-ಖಗೋಳ ಬಲ್ಲವರು ತಿಂಗಳುಗಟ್ಟಲೆ ಕೂತು ಕೈಯಲ್ಲೇ ಲೆಕ್ಕ ಹಾಕಿದ್ದರು. 1759ರ ಏಪ್ರಿಲ್ ಮಧ್ಯದಲ್ಲಿ ಸೂರ್ಯನ ಹತ್ತಿರ ಬರುತ್ತದೆ ಅಂದರು. ಬಂದದ್ದು ಮಾರ್ಚ್ 13ಕ್ಕೆ. ಸುಮಾರು ಎಪ್ಪತ್ತಾರು ವರ್ಷದ ಸುತ್ತಾಟದಲ್ಲಿ ಒಂದು ತಿಂಗಳ ವ್ಯತ್ಯಾಸ.

ಅದೇ ಹ್ಯಾಲಿ 1693ರಲ್ಲಿ ಇನ್ನೊಂದು ಕೆಲಸ ಮಾಡಿದ್ದ. ನಮ್ಮ ಕಸುಬಿಗೆ ಅದೇ ಬುನಾದಿ. ಬ್ರೆಸ್ಲಾವ್ ಎಂಬ ಊರಿನ ಹುಟ್ಟು-ಸಾವಿನ ದಾಖಲೆ ತರಿಸಿಕೊಂಡು (ಆ ಊರು ಈಗ ಪೋಲೆಂಡಿನಲ್ಲಿದೆ) ಒಂದು ಪಟ್ಟಿ ಮಾಡಿದ. ಒಂದನೇ ವಯಸ್ಸಿನಲ್ಲಿ 1000 ಮಕ್ಕಳಿದ್ದರೆ 20ಕ್ಕೆ 598 ಜನ ಉಳಿದಿರುತ್ತಾರೆ, 40ಕ್ಕೆ 445, 60ಕ್ಕೆ 242, 80ಕ್ಕೆ 41. ಆ 598 ಜನರಲ್ಲಿ ಅರವತ್ತು ದಾಟುವವರು ಯಾರು? ಪಟ್ಟಿ ಹೇಳುವುದಿಲ್ಲ. ಎಷ್ಟು ಜನ ಅಂತ ಮಾತ್ರ ಹೇಳುತ್ತದೆ. ಒಂದೇ ಒಂದು ಧೂಮಕೇತುವಿನ ಬಗ್ಗೆ ವರ್ಷ ಹೆಸರಿಸಿ ಹೇಳಿದ ಮನುಷ್ಯ, ಒಬ್ಬನೇ ಒಬ್ಬ ಮನುಷ್ಯನ ಬಗ್ಗೆ ಏನೂ ಹೇಳಲಿಲ್ಲ. ಇದು ನನಗೆ ಇವತ್ತಿಗೂ ಬಹಳ ದೊಡ್ಡ ವಿಷಯ ಅನ್ನಿಸುತ್ತದೆ.

ನಮ್ಮ ದೇಶದ ಜೀವವಿಮೆಯಲ್ಲಿ 2019ರಿಂದ ಬಳಕೆಗೆ ಬಂದ ಇಂಥದ್ದೇ ಪಟ್ಟಿ 2012-14ರ ಅಂಕಿಗಳ ಮೇಲೆ ಕಟ್ಟಿದ್ದು. ಅದರ ಪ್ರಕಾರ 30 ವಯಸ್ಸಿನ ಸಾವಿರ ಜನ ಪಾಲಿಸಿದಾರರಲ್ಲಿ ವರ್ಷಕ್ಕೆ ಸುಮಾರು ಒಬ್ಬರು ತೀರಿಕೊಳ್ಳುತ್ತಾರೆ. ಎದುರಿಗೆ ಕೂತವರು "ನಾನು ಗಟ್ಟಿಮುಟ್ಟಾಗಿದ್ದೀನಿ ಸಾರ್, ನನಗೇನಾಗುತ್ತೆ?" ಅನ್ನುತ್ತಾರೆ. ಪ್ರಪೋಸಲ್ ಫಾರಂನಲ್ಲಿ ಎತ್ತರ, ತೂಕ, ಬೀಡಿ-ಸಿಗರೇಟು ಎಲ್ಲ ಸರಸರ ಬರೆಯುತ್ತಾರೆ. ಅಪ್ಪ ಅಮ್ಮ ಯಾವ ವಯಸ್ಸಿನಲ್ಲಿ, ಏನಾಗಿ ತೀರಿಕೊಂಡರು ಅನ್ನುವ ಕಾಲಂ ಬಂದಾಗ ಪೆನ್ನು ನಿಂತುಬಿಡುತ್ತದೆ. ನಾನು ಸುಮ್ನೆ ಕಾಯುತ್ತೇನೆ. ಇಷ್ಟೆಲ್ಲ ಬರೆಸಿಕೊಂಡ ಮೇಲೂ ನಮಗೆ ಸಿಗುವುದು ಅವರು ಯಾವ ಗುಂಪಿಗೆ ಸೇರುತ್ತಾರೆ ಅನ್ನುವುದು ಮಾತ್ರ. ಅವರ ಗತಿ ನಮಗೆ ಗೊತ್ತಾಗುವುದಿಲ್ಲ.

ಗುಂಪಿನ ಲೆಕ್ಕ ನಿಲ್ಲಬೇಕಾದರೂ ಒಬ್ಬರ ಸಾವಿಗೂ ಇನ್ನೊಬ್ಬರ ಸಾವಿಗೂ ನಂಟು ಇರಬಾರದು. 2021ರ ಏಪ್ರಿಲ್-ಮೇನಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ, ಅದು ಮುರಿದುಬಿತ್ತು. ಒಂದೇ ಮನೆಯಿಂದ ಎರಡೆರಡು ಕ್ಲೈಮ್ ಬಂದವು. ಆಮೇಲೆ ವಿಮಾ ಕಂಪನಿಗಳಿಗೇ ವಿಮೆ ಕೊಡುವ ಮರುವಿಮೆ ಕಂಪನಿಗಳು ದರ ಏರಿಸಿದವು, ಟರ್ಮ್ ಪಾಲಿಸಿಗಳ (ಅವಧಿಯೊಳಗೆ ತೀರಿಕೊಂಡರೆ ಮಾತ್ರ ಹಣ ಸಿಗುವ ಪಾಲಿಸಿಗಳ) ಪ್ರೀಮಿಯಂ ಜಾಸ್ತಿಯಾಯಿತು.

ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ. ಹ್ಯಾಲಿ ಹೇಳಿದ್ದು ಧೂಮಕೇತುವಿಗೆ ಕೇಳಿಸಲಿಲ್ಲ. ಗೆಳೆಯರು ಹೇಳಿದ್ದು ನಿಮಗೆ ಕೇಳಿಸಿದೆ. ಕೇಳಿದ ಮೇಲೆ ಬೇಕೆಂದೇ ಬೇರೆ ಥರ ಮಾಡಬಹುದು ಅಲ್ವಾ? ಆದರೂ ನೀವು ಹಾಗೇ ಇದ್ದೀರಿ ಅಂದರೆ, ಆ ನಡವಳಿಕೆಯನ್ನು ನೀವೇ ದಿನದಿನವೂ ಉಳಿಸಿಕೊಂಡು ಬಂದಿದ್ದೀರಿ. ಆರು ಗಂಟೆಗೆ ಬರುತ್ತೇನೆ ಅಂದವರು ಆರಕ್ಕೆ ಬರುತ್ತಾರೆ ಅಂತ ಗೊತ್ತಿರುವುದರಿಂದಲೇ ನಾವು ಮಗುವನ್ನು ಅವರ ಕೈಗೆ ಒಪ್ಪಿಸುತ್ತೇವೆ, ಮನೆಯ ಬೀಗದ ಕೈ ಕೊಟ್ಟು ಊರಿಗೆ ಹೋಗುತ್ತೇವೆ. ಇದನ್ನು ಬೈಗುಳ ಅಂತ ತೆಗೆದುಕೊಳ್ಳಬೇಡಿ.

ಒಂದು ಮಾತು ಮಾತ್ರ ಅವರನ್ನು ಕೇಳಿ. ಹೋಟೆಲಿನಲ್ಲಿ ನೀವು ಏನು ತರಿಸುತ್ತೀರಿ ಅಂತ ಅವರು ಹೇಳಿಬಿಡಬಹುದು. ನಾಳೆ ನಿಮ್ಮ ಕೆಲಸ ಹೋದರೆ ನೀವು ಏನು ಮಾಡುತ್ತೀರಿ? ಅದನ್ನೂ ಹೇಳುತ್ತಾರಾದರೆ ಹೇಗೆ ಗೊತ್ತಾಯಿತು ಅಂತ ಕೇಳಿ. ಹಿಂದೆ ನಿಮಗೆ ಕಷ್ಟ ಬಂದಾಗ ಜೊತೆಗಿದ್ದು ನೋಡಿದ್ದರೆ ಅವರ ಮಾತಿಗೆ ತೂಕ ಇದೆ. ಇಲ್ಲದಿದ್ದರೆ ಅವರಿಗೆ ಗೊತ್ತಿರುವುದು ನಿಮ್ಮಂಥ ಸಾವಿರ ಜನರ ಬಗ್ಗೆ, ನಿಮ್ಮ ಬಗ್ಗೆ ಅಲ್ಲ.