ಮುಳ್ಳಯ್ಯನಗಿರಿಗೆ ಅಕ್ಟೋಬರಿನಲ್ಲಿ ಸೈಕಲ್

ಅಕ್ಟೋಬರ್ ಮೊದಲ ವಾರ ಚಿಕ್ಕಮಗಳೂರಿನ ಗಿರಿಗಳಿಗೆ ಮೌಂಟನ್ ಬೈಕ್ ತರಬಹುದೇ ಎಂದು ಕೇಳಿದ್ದೀರಿ. ತನ್ನಿ, ಆದರೆ ಮಣ್ಣಿನ ದಾರಿಯ ಆಸೆಯನ್ನು ಡಿಸೆಂಬರಿಗೆ ಮುಂದೂಡಿ. ಮಳೆ ಬಿಟ್ಟರೂ ತೋಟದ ಕೆಮ್ಮಣ್ಣು ಆರಿರುವುದಿಲ್ಲ. ಚಕ್ರಕ್ಕೂ ಅದನ್ನು ಹಿಡಿದಿರುವ ಫೋರ್ಕಿಗೂ ನಡುವೆ ರಾಗಿಮುದ್ದೆಯಂತೆ ಮೆತ್ತಿಕೊಂಡು, ಕೊನೆಗೆ ಸೈಕಲ್ಲೇ ನಿಮ್ಮ ಹೆಗಲೇರುತ್ತದೆ. ಸದ್ಯಕ್ಕೆ ಕೈಮರ ಚೆಕ್‌ಪೋಸ್ಟ್ ದಾಟಿ ಡಾಂಬರು ರಸ್ತೆಯಲ್ಲೇ ಹತ್ತಿ. ಮುಳ್ಳಯ್ಯನಗಿರಿಯ ತುದಿ 1930 ಮೀಟರ್. ಊರಿನಿಂದ 800 ಮೀಟರಿನಷ್ಟು ಏರು, ತೊಡೆಗಳಿಗೆ ಅಷ್ಟು ಸಾಕು. ಕೊನೆಯಲ್ಲಿ ಮೆಟ್ಟಿಲುಗಳಿವೆ, ಅಲ್ಲಿ ನಡೆಯಿರಿ.

ಇಳಿಯುವಾಗ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಿ. ಒತ್ತಿಯೇ ಹಿಡಿದ ನನ್ನ ಬ್ರೇಕಿನ ಡಿಸ್ಕ್ ಒಮ್ಮೆ ನೀರು ಹನಿಸಿದರೆ ಚುಂಯ್ ಎನ್ನುವಷ್ಟು ಕಾದಿತ್ತು. ಕಾಫಿ ತೋಟದ ದಾರಿಗಳು ಖಾಸಗಿ; ಗೇಟು ತೆರೆದಿದ್ದರೂ ಕೇಳಿಯೇ ಒಳಹೋಗಿ. ಇಂಬಳಕ್ಕೆ (ಜಿಗಣೆಗೆ) ಪೊಟ್ಟಣದಲ್ಲಿ ಉಪ್ಪು ಇರಲಿ.